ವಾರ್ಡ್ ಚುನಾವಣೆಗೆ ಕೊಂಡ ಸೋಶಿಯಲ್ ಮೀಡಿಯಾ ಪ್ಯಾಕೇಜ್: ನಮ್ಮ 15 ದಿನದ ಅನುಭವ, 5ಕ್ಕೆ 2 ಅಂಕ

ಪಂಚಾಯಿತಿ ಚುನಾವಣೆಯ ಮಾತು ಶುರುವಾದಾಗಿನಿಂದ ನಮ್ಮ ಅಂಗಡಿಗೆ ಬರುವ ಹೆಂಗಸರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. “ಅಕ್ಕ, ನಿಮ್ಮ ಓರಗಿತ್ತಿ ನಿಂತಾಗ ಫೇಸ್‌ಬುಕ್ಕು, ರೀಲ್ಸು ಎಲ್ಲ ಯಾರ ಹತ್ರ ಮಾಡಿಸಿದ್ರಿ? ನಾವೂ ಮಾಡಿಸಬಹುದಾ?” ಒಬ್ಬೊಬ್ಬರಿಗೂ ನಿಂತು ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇಂಥ ಪ್ಯಾಕೇಜ್ ಮಾರುವವರು ಈಗ ಪ್ರತಿ ಜಿಲ್ಲಾ ಕೇಂದ್ರದಲ್ಲೂ ನಾಲ್ಕೈದು ಜನ ಇದ್ದಾರೆ. ನೀವು ಯಾರ ಹತ್ತಿರ ಹೋದರೂ ಈ ವಿಷಯಗಳನ್ನು ಕೇಳಿಯೇ ದುಡ್ಡು ಕೊಡಿ.

ನಾನು ತುಮಕೂರು ಜಿಲ್ಲೆಯ ಒಂದು ಪುರಸಭೆ ಊರಿನಲ್ಲಿ 14 ವರ್ಷದಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಕಾರ್ಡು, ತಿಥಿ ಕಾರ್ಡು, ಕರಪತ್ರ, ಫ್ಲೆಕ್ಸ್ ಡಿಸೈನು ಎಲ್ಲ ಮಾಡುತ್ತೇನೆ. ಎಲ್ಲ ಪಕ್ಷದವರ ಕರಪತ್ರವೂ ನನ್ನ ಕೈಯಲ್ಲಿ ಟೈಪ್ ಆಗಿದೆ. ಆದ್ದರಿಂದ ಡಿಸೈನಿನ ಬಗ್ಗೆ ಹೇಳುವುದನ್ನು ಕೆಲಸ ಗೊತ್ತಿದ್ದೇ ಹೇಳುತ್ತಿದ್ದೇನೆ. ಆನ್‌ಲೈನ್ ಪ್ರಚಾರ ಮಾತ್ರ ನನಗೆ ಹೊಸದು.

ನಮ್ಮ ವಾರ್ಡಿನಲ್ಲಿ ಉಪಚುನಾವಣೆ ಬಂತು. ನನ್ನ ಓರಗಿತ್ತಿ ಪಕ್ಷೇತರವಾಗಿ ನಿಂತಳು. ಅವಳು ಟೈಲರಿಂಗ್ ಮಾಡುತ್ತಾಳೆ, ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತಾಳೆ. ಊರಿನವರಿಗೆಲ್ಲ ಅವಳು ಗೊತ್ತಿರುವುದು ನೀರಿನಿಂದ. ನಮ್ಮಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ ನೀರು. ಬೋರ್‌ವೆಲ್ ಕೆಟ್ಟರೆ ಹತ್ತು ಹನ್ನೆರಡು ದಿನ. ಎಲ್ಲಿ ವಾಲ್ವ್ ಇದೆ, ಯಾವ ಬೀದಿಗೆ ಎಷ್ಟು ಹೊತ್ತು ಬಿಡಬೇಕು, ಸ್ಟಾರ್ಟರ್ ಟ್ರಿಪ್ ಆದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೆಲ್ಲ ನೀರು ಬಿಡುವ ನಮ್ಮ ನೀರುಗಂಟಿಯಷ್ಟೇ ಅವಳಿಗೂ ಗೊತ್ತು. ವಾರ್ಡು ಸಾಮಾನ್ಯ ವರ್ಗದ್ದು, ಅಂದರೆ ಗಂಡಸರು ಹೆಂಗಸರು ಯಾರು ಬೇಕಾದರೂ ನಿಲ್ಲಬಹುದಿತ್ತು. ಎದುರಿಗೆ ಮೂವರು ಗಂಡಸರು. ನಾಮಪತ್ರ ಹಾಕಿದ ದಿನವೇ ಕೇಳಿದ ಮಾತು: “ಹೆಂಗಸರಿಗೆ ಬೇರೆ ವಾರ್ಡ್ ಇದೆಯಲ್ಲ, ಇಲ್ಲಿಗ್ಯಾಕೆ ಬಂದ್ರು?” ಸಾಮಾನ್ಯ ಅಂದರೆ ಗಂಡಸರಿಗೆ ಅಂತ ಎಷ್ಟೋ ಜನ ನಿಜವಾಗಿಯೂ ನಂಬಿದ್ದಾರೆ.

ಪ್ಯಾಕೇಜ್ 15 ದಿನಕ್ಕೆ 22,000 ರೂಪಾಯಿ. ಅದರಲ್ಲಿ 20 ಪೋಸ್ಟರ್, 4 ರೀಲ್ಸ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳುವುದು, ವಾರಕ್ಕೊಂದು ರಿಪೋರ್ಟು, ಜೊತೆಗೆ ‘ಕಾಮೆಂಟ್ ಕ್ಲೀನಿಂಗ್’, ಅಂದರೆ ಪುಟದಿಂದ ಕೊಳಕು ಕಾಮೆಂಟು ತೆಗೆಯುವುದು. ಅರ್ಧ ಮುಂಗಡ.

ಮೊದಲು ಒಳ್ಳೆಯದು ಹೇಳುತ್ತೇನೆ. ಡಿಸೈನ್ ಮಾಡುವ ಹುಡುಗ ಚುರುಕು. ರಾತ್ರಿ 11ಕ್ಕೆ ತಪ್ಪು ತೋರಿಸಿದರೂ ಹತ್ತೇ ನಿಮಿಷದಲ್ಲಿ ಸರಿ ಮಾಡಿ ಕಳಿಸುತ್ತಿದ್ದ. ಒತ್ತಕ್ಷರ ಒಡೆಯುತ್ತಿರಲಿಲ್ಲ. ನಮ್ಮ ಕಡೆ ಫ್ಲೆಕ್ಸುಗಳಲ್ಲಿ ಅಕ್ಷರದ ಗತಿ ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಜಿಎಸ್‌ಟಿ ಸಮೇತ ಬಿಲ್ಲು ಕೊಟ್ಟರು. ಚುನಾವಣಾ ಖರ್ಚಿನ ಲೆಕ್ಕಕ್ಕೆ ಅದು ಬೇಕೇ ಬೇಕು. ಹೇಳಿದ ದಿನ ಹೇಳಿದ ಕೆಲಸ ಮಾಡಿದರು.

ತೊಂದರೆ ಶುರುವಾಗಿದ್ದು ಮೊದಲನೇ ದಿನವೇ. ಆಗ ನನಗೆ ಅದು ತೊಂದರೆ ಅಂತ ಹೊಳೆಯಲಿಲ್ಲ.

ಅವರ ಆಫೀಸಿನಲ್ಲಿ ಒಂದು ಫಾರಂ ತುಂಬಿಸಿಕೊಂಡರು. ಹೆಸರು, ವಯಸ್ಸು, ಅದರ ಕೆಳಗೆ ‘ಪತಿಯ ಹೆಸರು ಮತ್ತು ಉದ್ಯೋಗ’. ಪಕ್ಕದ ಮೇಜಿನ ಮೇಲೆ ಬೇರೊಬ್ಬ ಅಭ್ಯರ್ಥಿಯ ತುಂಬಿದ ಫಾರಂ ಇತ್ತು. ಅವರದ್ದರಲ್ಲಿ ಆ ಜಾಗದಲ್ಲಿ ‘ಸಾಧನೆಗಳು’ ಅಂತ ಇತ್ತು. ಎರಡು ಬೇರೆ ಬೇರೆ ಫಾರಂ! ಕೇಳಿದ್ದಕ್ಕೆ, “ಲೇಡೀಸ್ ಕ್ಯಾಂಡಿಡೇಟ್‌ಗೆ ಇದು ಮೇಡಂ, ಫ್ಯಾಮಿಲಿ ಡೀಟೇಲ್ಸ್ ಇದ್ರೆ ಜನಕ್ಕೆ ಕನೆಕ್ಟ್ ಆಗತ್ತೆ” ಅಂದರು. ನನ್ನ ಮೈದುನನಿಗೆ ಆಗಲೇ ಒಂದು ಥರ ಆಯಿತು. “ನಿಂತಿರೋಳು ಅವಳು, ನನ್ನ ಉದ್ಯೋಗ ಯಾಕೆ?” ಅಂದ. ಅವನ ಮಾತು ಯಾರೂ ಬರೆದುಕೊಳ್ಳಲಿಲ್ಲ.

ಪೋಸ್ಟರ್ ಟೆಂಪ್ಲೇಟುಗಳೂ ಹಾಗೇ. ಕಂಪ್ಯೂಟರಿನಲ್ಲಿ ಎರಡು ಫೋಲ್ಡರು. ಗಂಡಸರ ಫೋಲ್ಡರಿನಲ್ಲಿ ನೀಲಿ, ಕೇಸರಿ, ಹಸಿರು, ಎಲ್ಲ ಗಾಢ ಬಣ್ಣ. ಹಿಂದೆ ರಸ್ತೆ, ಸೇತುವೆ, ಟ್ಯಾಂಕು. ಮೇಲೆ ‘ಅಭಿವೃದ್ಧಿಯ ಹರಿಕಾರ’, ‘ಯುವ ನಾಯಕ’, ‘ಬಡವರ ಬಂಧು’. ಹೆಂಗಸರ ಫೋಲ್ಡರಿನಲ್ಲಿ ಗುಲಾಬಿ ಬಣ್ಣ, ರಂಗೋಲಿ ಅಂಚು, ಮೂಲೆಯಲ್ಲಿ ದೀಪ. ಮೇಲೆ ‘ಮನೆಮಗಳು’, ‘ನಿಮ್ಮ ಮನೆಯ ಸೊಸೆ’, ‘ತಾಯಿ ಹೃದಯ’. ನಾನು ನನ್ನ ಫೋನಿನಲ್ಲಿ ತೆಗೆದ ಒಂದು ಫೋಟೊ ಕೊಟ್ಟಿದ್ದೆ. ನಮ್ಮ ಬೀದಿಯ ಬೋರ್‌ವೆಲ್ ಪ್ಯಾನಲ್ ಬೋರ್ಡಿನ ಬಾಗಿಲು ತೆಗೆದು, ಕೈಯಲ್ಲಿ ಟೆಸ್ಟರ್ ಹಿಡಿದು ಅವಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಹಣೆಯ ಮೇಲೆ ಬೆವರಿತ್ತು. ಅವಳನ್ನು ಬಲ್ಲವರು ಯಾರಾದರೂ ಆ ಫೋಟೊ ನೋಡಿದ ಕೂಡಲೇ ಹೌದು, ಇವಳೇ ಅಂತಿದ್ದರು. ಅವರು ಅದನ್ನು ಬಿಟ್ಟರು. “ಸ್ವಲ್ಪ ರಫ್ ಆಗಿ ಕಾಣ್ತಾರೆ ಮೇಡಂ.” ಸ್ಟುಡಿಯೋದಲ್ಲಿ ರೇಷ್ಮೆ ಸೀರೆ ಉಡಿಸಿ, ಕೈ ಮುಗಿಸಿ, ಹಿಂದೆ ನನ್ನ ಮೈದುನನನ್ನು ನಿಲ್ಲಿಸಿ ಬೇರೆ ತೆಗೆಸಿದರು.

ನಾನೂ ಸುಮ್ಮನಿದ್ದೆ. ಇದನ್ನು ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಎರಡನೇ ರೀಲ್ಸ್ ಮುದ್ದೆ ಕಟ್ಟುವುದು. ಅವಳು ಒಲೆ ಮುಂದೆ ರಾಗಿ ಮುದ್ದೆ ಕಟ್ಟಿ, ಅತ್ತೆಗೆ ಬಡಿಸಿ, ಆಮೇಲೆ ಚಪ್ಪಲಿ ಹಾಕಿಕೊಂಡು ಮನೆಯಿಂದ ಹೊರಡಬೇಕು. ಮೇಲೆ ‘ಮನೆಯಲ್ಲೂ ಸೈ, ವಾರ್ಡಿನಲ್ಲೂ ಸೈ’ ಅಂತ ಅಕ್ಷರ. ನಮ್ಮ ಎಲ್ಲ ವಿಡಿಯೊಗಿಂತ ಅದನ್ನೇ ಜಾಸ್ತಿ ಜನ ನೋಡಿದರು. ಸಂಸ್ಥೆಯವರಿಗೆ ಖುಷಿಯೋ ಖುಷಿ. ಕೆಳಗೆ ಬಂದ ಕಾಮೆಂಟು ಹೀಗಿದ್ದವು: “ಮುದ್ದೆ ಚೆನ್ನಾಗಿ ಕಟ್ತಾರೆ, ಅಲ್ಲೇ ಇರ್ಲಿ ಬಿಡಿ.” “ಗೆದ್ರೆ ಅತ್ತೆಗೆ ಮುದ್ದೆ ಹಾಕೋರು ಯಾರು?” “ಪಾಪ, ಗಂಡ ಏನು ಊಟ ಮಾಡಬೇಕು?” ನೂರಾರು ಜನ ಅದಕ್ಕೆ ನಗುವ ಗುರುತು ಒತ್ತಿದ್ದರು. ಒಲೆ ಮುಂದೆ ಅವಳನ್ನು ಕೂರಿಸಿದವರು ನಾವೇ. ಅಲ್ಲೇ ಇರು ಅನ್ನುವುದಷ್ಟೇ ಅವರಿಗೆ ಉಳಿದಿತ್ತು.

ಇದು ನಮ್ಮ ವಾರ್ಡಿನ ಕಥೆ ಮಾತ್ರ ಅಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ದಾವಣಗೆರೆಯಲ್ಲಿ ಎರಡೂ ದೊಡ್ಡ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದ್ದವು, ಗಾಯತ್ರಿ ಸಿದ್ದೇಶ್ವರ ಮತ್ತು ಪ್ರಭಾ ಮಲ್ಲಿಕಾರ್ಜುನ್. ಗಾಯತ್ರಿ ಅವರು ಅಡುಗೆ ಮಾಡೋಕೆ ಮಾತ್ರ ಲಾಯಕ್ಕು ಅನ್ನುವ ಅರ್ಥದ ಮಾತನ್ನು ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ವೇದಿಕೆಯಲ್ಲೇ ಆಡಿದ್ದರು. ಗಾಯತ್ರಿ ಅವರ ಎದುರು ನಿಂತಿದ್ದ ಪ್ರಭಾ ಅವರ ಸ್ವಂತ ಸೊಸೆ! ಆ ತುಣುಕು ಎಲ್ಲರ ಫೋನಿಗೂ ಬಂತು. ಒಬ್ಬ ಹೆಣ್ಣುಮಗಳನ್ನು ಅಡುಗೆ ಮನೆಗೆ ಕಳಿಸುವ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ದೊಡ್ಡವರ ಬಾಯಲ್ಲಿ ಬಂದದ್ದೇ ನಮ್ಮ ಬೀದಿ ಹುಡುಗರ ಬೆರಳಲ್ಲಿ ಬರುತ್ತದೆ.

ಈಗ ‘ಕಾಮೆಂಟ್ ಕ್ಲೀನಿಂಗ್’ ಬಗ್ಗೆ. ಪ್ಯಾಕೇಜಿನಲ್ಲಿ ನಾನು ಜಾಸ್ತಿ ನಂಬಿದ್ದು ಇದನ್ನೇ, ಜಾಸ್ತಿ ನೋವು ಕೊಟ್ಟಿದ್ದೂ ಇದೇ.

ಅವರು ಮಾಡುವ ವಿಧಾನ ಸರಳ. ಫೇಸ್‌ಬುಕ್ ಪುಟದ ಸೆಟ್ಟಿಂಗ್ಸ್‌ನಲ್ಲಿ ಬೇಡದ ಪದಗಳ ಪಟ್ಟಿ ಹಾಕುವ ಜಾಗ ಇದೆ. ಪಟ್ಟಿಯಲ್ಲಿರುವ ಪದ ಯಾವ ಕಾಮೆಂಟಿನಲ್ಲಿ ಬಂದರೂ ಅದು ತಾನಾಗೇ ಮರೆಗೆ ಹೋಗುತ್ತದೆ. ಇವರ ಹತ್ತಿರ ಒಂದು ಸಿದ್ಧ ಪಟ್ಟಿ ಇತ್ತು. ಎಲ್ಲ ಅಭ್ಯರ್ಥಿಗಳಿಗೂ ಅದೇ. ನಾನು ಅದನ್ನು ಕೇಳಿ ಪ್ರಿಂಟ್ ತೆಗೆದುಕೊಂಡೆ. ಅರ್ಧ ಹಿಂದಿ, ಇಂಗ್ಲಿಷ್ ಬೈಗುಳ, ಅರ್ಧ ಕನ್ನಡದ ಬೈಗುಳ. ಜೊತೆಗೆ ‘ಕಮಿಷನ್’, ‘ಕಳ್ಳ’, ‘ಲಂಚ’, ‘ಗೂಂಡಾ’. ಓದಿದರೆ ಗೊತ್ತಾಗುತ್ತದೆ, ಇದು ಗಂಡಸು ಅಭ್ಯರ್ಥಿಗೆ ಮಾಡಿದ ಪಟ್ಟಿ. ಅವರನ್ನು ಜನ ಬೈಯುವುದು ಹಾಗೆ. ನನ್ನ ಓರಗಿತ್ತಿಯನ್ನು ಯಾರೂ ಕಳ್ಳಿ ಅನ್ನಲಿಲ್ಲ. ಅವಳಿಗೆ ಬಂದವು ಎಲ್ಲ ಒಳ್ಳೆಯ ಪದಗಳೇ. ‘ಸೀರೆ’, ‘ಮನೆ’, ‘ಗಂಡ’, ‘ಮಕ್ಕಳು’, ‘ರಾತ್ರಿ’, ‘ನೀರುಗಂಟಿ’. “ರಾತ್ರಿ ಹೊತ್ತು ನೀರುಗಂಟಿ ಜೊತೆ ವಾಲ್ವ್ ಹತ್ರ ಏನ್ ಕೆಲಸ?” ಈ ಸಾಲಿನಲ್ಲಿ ತೆಗೆದುಹಾಕುವಂಥ ಒಂದು ಪದ ತೋರಿಸಿ ನೋಡೋಣ. ಇಲ್ಲ. ಓದಿದ ಪ್ರತಿಯೊಬ್ಬರಿಗೂ ಅರ್ಥ ಮಾತ್ರ ಆಗುತ್ತದೆ. ನಮ್ಮಲ್ಲಿ ನೀರು ಬರುವುದೇ ರಾತ್ರಿ ಎರಡಕ್ಕೆ, ಮೂರಕ್ಕೆ. ಎದ್ದು ಹೋಗಿ ವಾಲ್ವ್ ತಿರುಗಿಸದಿದ್ದರೆ ಕೊನೆ ಬೀದಿಗೆ ತೊಟ್ಟು ನೀರೂ ಹೋಗುವುದಿಲ್ಲ. ಅವಳು ಮಾಡಿದ ಅತ್ಯಂತ ಒಳ್ಳೆಯ ಕೆಲಸವನ್ನೇ ಅವಳ ಮೇಲೆ ಕೊಳಕು ಎರಚೋಕೆ ಬಳಸಿದರು.

ನಾನು ಫೋನ್ ಮಾಡಿ ಕೂಗಾಡಿದೆ. ಅದಕ್ಕೆ ಅವರು ಮಾಡಿದ ಪರಿಹಾರ ಏನು ಗೊತ್ತಾ? ‘ಗಂಡ’ ಅನ್ನುವ ಪದವನ್ನೇ ಪಟ್ಟಿಗೆ ಹಾಕಿಬಿಟ್ಟರು. ಎರಡು ದಿನ ಪುಟ ಶಾಂತವಾಗಿ ಕಂಡಿತು. ಮೂರನೇ ದಿನ ರಾತ್ರಿ ಮರೆಯಾದ ಕಾಮೆಂಟುಗಳನ್ನು ನಾನೇ ತೆಗೆದು ನೋಡುತ್ತಾ ಕೂತೆ. ಅಲ್ಲಿ ಒಂದು ಸಿಕ್ಕಿತು: “ಅಕ್ಕ, ನನ್ನ ಗಂಡ ತೀರಿಕೊಂಡು ಎರಡು ವರ್ಷ ಆಯ್ತು, ವಿಧವಾ ವೇತನದ ಅರ್ಜಿ ಏನಾಯ್ತು ಅಂತ ಯಾರೂ ಹೇಳ್ತಿಲ್ಲ, ನೀವು ನಾಡಕಚೇರಿಗೆ ಒಂದ್ಸಲ ಬರ್ತೀರಾ?” ಮೂರು ದಿನದಿಂದ ಆ ಹೆಣ್ಣುಮಗಳು ಉತ್ತರಕ್ಕೆ ಕಾಯುತ್ತಿದ್ದಾಳೆ. ನಮ್ಮ ಪುಟ ಅವಳನ್ನು ಬೈಗುಳದ ಜೊತೆ ಸೇರಿಸಿ ಮುಚ್ಚಿಟ್ಟಿತ್ತು. ಇತ್ತ ಕೊಳಕು ಬರೆಯುವವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಆರಾಮಾಗಿ ದಾಟಿಕೊಂಡು ಬರುತ್ತಿದ್ದರು. ಪಟ್ಟಿಯಲ್ಲಿ ಆ ಬರವಣಿಗೆಯೇ ಇರಲಿಲ್ಲ.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಫೇಸ್‌ಬುಕ್‌ನಲ್ಲಿ ಕಾಮೆಂಟನ್ನು ‘ಹೈಡ್’ ಮಾಡಿದರೆ ನಮಗೆ ಮರೆಯಾದಂತೆ ಕಾಣುತ್ತದೆ. ಬರೆದವನಿಗೂ ಅವನ ಗೆಳೆಯರಿಗೂ ಅದು ಕಾಣುತ್ತಲೇ ಇರುತ್ತದೆ. ಒಂದು ವಾರ್ಡಿನ ಚುನಾವಣೆಯಲ್ಲಿ ಅವನ ಗೆಳೆಯರು ಅಂದರೆ ಅರ್ಧ ವಾರ್ಡು! ಹೈಡ್ ಬೇರೆ, ಡಿಲೀಟ್ ಬೇರೆ, ಬ್ಲಾಕ್ ಬೇರೆ. ದುಡ್ಡು ತೆಗೆದುಕೊಳ್ಳುವವರು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಅವತ್ತಿನಿಂದ ನಾನು ಒಂದು ರೂಲ್ಡ್ ನೋಟ್‌ಬುಕ್ ಇಟ್ಟುಕೊಂಡೆ. ಅಂಗಡಿ ಬಾಗಿಲು ಹಾಕಿದ ಮೇಲೆ ದಿನವೂ ಒಂದು ಗಂಟೆ. ಹಾಳೆಗೆ ಎರಡು ಕಾಲಂ. ಒಂದಕ್ಕೆ ‘ಕೆಲಸದ ಮಾತು’, ಇನ್ನೊಂದಕ್ಕೆ ‘ಮನೆ ಮಾತು’. ನಮ್ಮ ಪುಟಕ್ಕೆ ಒಂದು ಹಾಳೆ, ಎದುರಾಳಿಗಳ ಪುಟಕ್ಕೆ ಒಂದೊಂದು ಹಾಳೆ. ಬರುವ ಕಾಮೆಂಟಿಗೆಲ್ಲ ಒಂದೊಂದು ಗೀಟು. ನಮ್ಮ ಹಾಳೆಯಲ್ಲಿ ಮನೆ ಮಾತಿನ ಕಾಲಂ ಎರಡೇ ದಿನಕ್ಕೆ ತುಂಬಿ ಹಾಳೆ ತಿರುಗಿಸಬೇಕಾಯಿತು. ಅವರ ಹಾಳೆಗಳಲ್ಲಿ ಕೆಲಸದ ಮಾತು ತುಂಬಿತು. ಅದೇನೂ ಹೊಗಳಿಕೆ ಅಲ್ಲ. “ಅಣ್ಣ, ಚರಂಡಿ ಬಿಲ್ ಎಷ್ಟು ತಿಂದ್ರಿ?”, “ಹೋದ ಸಲ ಕೊಟ್ಟ ಮಾತು ಏನಾಯ್ತು?” ಅಂತ ಚೆನ್ನಾಗಿಯೇ ಕೇಳಿದ್ದರು. ಆದರೆ ನೋಡಿ, ಕೇಳಿದ್ದು ಚರಂಡಿಯ ಬಗ್ಗೆ. ಅದಕ್ಕೆ ಅವರು ಉತ್ತರ ಕೊಡಬಹುದು. ನಿನ್ನ ಮುಖ ನೋಡಿದರೆ ಒಳ್ಳೆ ಹೆಂಗಸಿನ ಥರ ಕಾಣಲ್ಲ ಅಂದವರಿಗೆ ಏನು ಉತ್ತರ ಕೊಡುವುದು?

ಗಂಡಸರನ್ನು ಯಾರೂ ಗೇಲಿ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 2019ರ ಲೋಕಸಭೆ ಚುನಾವಣೆಯ ಮಂಡ್ಯ ಎಲ್ಲರಿಗೂ ನೆನಪಿದೆ, ನಿಖಿಲ್ ಕುಮಾರಸ್ವಾಮಿ ಮತ್ತು ಸುಮಲತಾ ಎದುರುಬದುರು. ‘ನಿಖಿಲ್ ಎಲ್ಲಿದ್ದೀಯಪ್ಪ’ ಅನ್ನುವ ಮಾತು ಆ ಹುಡುಗನನ್ನು ಊರೂರು ಅಟ್ಟಿಸಿಕೊಂಡು ಹೋಯಿತು. ಅದೂ ನೋವೇ. ಅದೇ ಚುನಾವಣೆಯಲ್ಲಿ ಸುಮಲತಾ ಅವರಿಗೆ ಬಂದ ಮಾತು ಯಾವುದು? ಅವರ ಗಂಡ ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರಿನಲ್ಲಿ. ಗಂಡ ಸತ್ತು ಇನ್ನೂ ಎಷ್ಟು ದಿನ ಆಗಿದೆ, ಆಗಲೇ ರಾಜಕೀಯವಾ ಅನ್ನುವ ಮಾತು ಆಗಿನ ಸಚಿವರೊಬ್ಬರ ಬಾಯಲ್ಲೇ ಬಂತು. ಸುಮಲತಾ ಮಂಡ್ಯದ ಸೊಸೆ ಹೌದೋ ಅಲ್ಲವೋ, ಯಾವ ಜಾತಿಯವರು ಅನ್ನುವುದರ ಚರ್ಚೆ ಫೋನ್ ಫೋನಿನಲ್ಲೂ ನಡೆಯಿತು. ಗೇಲಿ ಇಬ್ಬರಿಗೂ ಸಿಕ್ಕಿತು, ಆದರೆ ಒಬ್ಬರಿಗೆ ಹೆಂಡತಿಯಾಗಿ, ಸೊಸೆಯಾಗಿ, ವಿಧವೆಯಾಗಿ ಪರೀಕ್ಷೆ ಬರೆಯುವ ಶಿಕ್ಷೆಯೂ ಸಿಕ್ಕಿತು. ಸುಮಲತಾ 1,25,876 ಮತಗಳಿಂದ ಗೆದ್ದರು. ಮಂಡ್ಯದ ಜನ ಉತ್ತರ ಕೊಟ್ಟರು.

ನನ್ನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ನನ್ನ ನೋಟ್‌ಬುಕ್ ನೋಡಿ, “ಅಮ್ಮ, ನೀನು ಮಾಡ್ತಿರೋದನ್ನೇ ದೊಡ್ಡದಾಗಿ ಮಾಡಿದಾರೆ” ಅಂದಳು. 2019ರ ಲೋಕಸಭೆ ಚುನಾವಣೆಯ ಹೊತ್ತಿನಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾದವರು ದೇಶದ 95 ಮಹಿಳಾ ರಾಜಕಾರಣಿಗಳ ಹೆಸರಿದ್ದ 1,14,716 ಟ್ವೀಟ್‌ಗಳನ್ನು ಸ್ವಯಂಸೇವಕರಿಂದ ಓದಿಸಿ ಲೆಕ್ಕ ಹಾಕಿದ್ದರು. 2020ರ ಜನವರಿಯಲ್ಲಿ ವರದಿ ಬಂತು. ಏಳರಲ್ಲಿ ಒಂದು ಟ್ವೀಟ್ ಕೆಟ್ಟದ್ದು, ಅಂದರೆ ಶೇ. 13.8. ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಆ 13.8ನ್ನು ಅವರು ಎರಡು ಭಾಗ ಮಾಡಿದ್ದರು. ನೇರ ನಿಂದನೆ ಶೇ. 3.3. ಬೈಗುಳದ ಮಟ್ಟಕ್ಕೆ ಹೋಗದೆ, ಹೆಣ್ಣು ಅಂದರೆ ಹೀಗೇ ಅನ್ನುವ, ಚುಚ್ಚುವ ಮಾತು ಶೇ. 10.5. ಮೂರು ಪಟ್ಟು! ನಾವು 22,000 ಕೊಟ್ಟು ಕೊಂಡ ಕ್ಲೀನಿಂಗ್ ಆ 3.3ಕ್ಕೆ ಮಾಡಿದ್ದು. ಉಳಿದದ್ದು ಅದರ ಕೈಗೆ ಸಿಗುವುದೇ ಇಲ್ಲ.

ಆದರೆ ವಾರದ ರಿಪೋರ್ಟಿನಲ್ಲಿ ಅದು ಸಿಕ್ಕಿತು, ಸಾಧನೆಯಾಗಿ. ಬಣ್ಣಬಣ್ಣದ ಪಿಡಿಎಫ್. ರೀಚ್ (ಎಷ್ಟು ಜನಕ್ಕೆ ತಲುಪಿತು) ಇಷ್ಟು, ಎಂಗೇಜ್‌ಮೆಂಟ್ (ಎಷ್ಟು ಲೈಕು, ಕಾಮೆಂಟು ಬಂತು) ಇಷ್ಟು. “ಮುದ್ದೆ ರೀಲ್ಸ್ ನಮ್ಮ ಎಲ್ಲ ಕ್ಲೈಂಟ್‌ಗಳಲ್ಲಿ ಟಾಪ್ ಮೇಡಂ.” ಆ ರೀಲ್ಸ್ ಕೆಳಗೆ ಬಿದ್ದ ಒಂದೊಂದು ಕೊಳಕು ಮಾತೂ ಆ ಎಂಗೇಜ್‌ಮೆಂಟಿನಲ್ಲಿ ಒಂದೊಂದು ಅಂಕಿ. ಓರಗಿತ್ತಿ ರಾತ್ರಿಯೆಲ್ಲ ನಿದ್ದೆ ಇಲ್ಲದೆ ಹೊರಳಾಡಿದ್ದು ಆ ಪಿಡಿಎಫ್‌ನಲ್ಲಿ ಹಸಿರು ಬಾಣವಾಗಿ ಮೇಲೆ ಹೋಗಿತ್ತು. ಕೆಲಸದ ಪ್ರಶ್ನೆ ಎಷ್ಟು ಬಂತು, ಎಷ್ಟಕ್ಕೆ ಉತ್ತರ ಹೋಯಿತು ಅನ್ನುವುದು ಎಲ್ಲೂ ಇರಲಿಲ್ಲ.

ಮತದಾನಕ್ಕೆ ಆರು ದಿನ ಇರುವಾಗ ಫೋಟೊ ಬಂತು. ಸಂಬಂಧಿಕರ ಮದುವೆಯಲ್ಲಿ ಊಟದ ಪಂಕ್ತಿ ಹತ್ತಿರ ಅವಳು ಒಬ್ಬರ ಜೊತೆ ನಗುತ್ತಾ ಮಾತಾಡುತ್ತಿರುವುದು. ಅಕ್ಕಪಕ್ಕ ಕತ್ತರಿಸಿ ಇಬ್ಬರೇ ಇರುವಂತೆ ಮಾಡಿ, ಕೆಳಗೆ ಒಂದು ಸಾಲು ಬರೆದು ವಾಟ್ಸಾಪ್ ಗುಂಪುಗಳಿಗೆ ಬಿಟ್ಟಿದ್ದರು. ಆ ಸಾಲನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂಸ್ಥೆಗೆ ಫೋನ್ ಮಾಡಿದೆ. “ವಾಟ್ಸಾಪ್ ನಮ್ಮ ಪ್ಯಾಕೇಜಿನಲ್ಲಿ ಬರಲ್ಲ ಮೇಡಂ, ಅದಕ್ಕೆ ಬೇರೆ ಚಾರ್ಜ್” ಅಂದರು. ಆಮೇಲೆ ಒಂದು ಸಲಹೆಯನ್ನೂ ಕೊಟ್ಟರು. ಗಂಡ ಹೆಂಡತಿ ಇಬ್ಬರೂ ದೇವಸ್ಥಾನಕ್ಕೆ ಹೋದ ಹಾಗೆ ಒಂದು ವಿಡಿಯೊ ಮಾಡೋಣ, ಎಲ್ಲ ತಣ್ಣಗಾಗುತ್ತದೆ.

ಓರಗಿತ್ತಿ ಪಕ್ಕದಲ್ಲೇ ಇದ್ದಳು. ಫೋನ್ ಇಸಿದುಕೊಂಡು, “ನಾನೇನು ತಪ್ಪು ಮಾಡಿದೀನಿ ಅಂತ ದೇವಸ್ಥಾನಕ್ಕೆ ಹೋಗಿ ತೋರಿಸಬೇಕು ಸರ್?” ಅಂದಳು. ಆ ಕಡೆಯಿಂದ ಉತ್ತರ ಬರಲಿಲ್ಲ.

2023ರ ವಿಧಾನಸಭೆ ಚುನಾವಣೆಯಲ್ಲಿ ಮೂಡಿಗೆರೆಯ ನಯನಾ ಮೋಟಮ್ಮ ಅವರಿಗೂ ಹೀಗೇ ಮಾಡಿದ್ದರು. ಅವರ ಬಟ್ಟೆಯನ್ನು ಆಡಿಕೊಂಡು ಖಾಸಗಿ ಫೋಟೊಗಳನ್ನು ಹಂಚಿದ್ದರು. ಅವರು ಗೆದ್ದರು, ಗೆದ್ದ ಮೇಲೆ ತಮ್ಮ ಫೋಟೊಗಳನ್ನು ತಾವೇ ಹಾಕಿ ತಲೆ ಎತ್ತಿ ಉತ್ತರ ಕೊಟ್ಟರು. ನಮ್ಮ ಫೋಟೊ ಬಂದ ದಿನ ರಾತ್ರಿ ನಾನೂ ಓರಗಿತ್ತಿಯೂ ಅದನ್ನೇ ಮಾತಾಡಿದೆವು. 224 ಶಾಸಕರಲ್ಲಿ ಆ ಸಲ ಗೆದ್ದ ಮಹಿಳೆಯರು 10 ಜನ. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಕೊಟ್ಟ ರಾಜ್ಯ ನಮ್ಮದು. ಅಲ್ಲಿಂದ ಮೇಲೆ ಹತ್ತುವಾಗ ಇಷ್ಟು ಜನ ಎಲ್ಲಿ ಹೋದರು ಅಂತ ಕೇಳುತ್ತೇವಲ್ಲ, ಇಂಥ ರಾತ್ರಿಗಳಲ್ಲಿ ಹೋಗುತ್ತಾರೆ. ಅತ್ತೆ ಅವತ್ತು, “ಸಾಕು ಕಣಮ್ಮ, ವಾಪಸ್ ತಗೊಂಡುಬಿಡು” ಅಂದಿದ್ದರು. ವಾಪಸ್ ತೆಗೆಯುವ ದಿನ ಅಷ್ಟೊತ್ತಿಗೆ ದಾಟಿತ್ತು.

ಫೋಟೊ ವಿಷಯದಲ್ಲಿ ನಮಗೆ ಕೆಲಸಕ್ಕೆ ಬಂದದ್ದು ನನ್ನ ಅಂಗಡಿ. ಮದುವೆ ಮನೆಯವರ ಹತ್ತಿರ ಪೂರ್ತಿ ಫೋಟೊ ತರಿಸಿದೆ. ಅದರಲ್ಲಿ ಅವಳ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ನಾನೇ ಇದ್ದೆ, ಕೈಯಲ್ಲಿ ಪಾಯಸದ ಲೋಟ. ಕತ್ತರಿಸಿದ್ದು ಮತ್ತು ಪೂರ್ತಿಯದ್ದು, ಎರಡನ್ನೂ ಒಂದೇ ಎ4 ಹಾಳೆಯಲ್ಲಿ ಅಕ್ಕಪಕ್ಕ ಪ್ರಿಂಟ್ ಹಾಕಿದೆ. ಗುಂಪಿನ ಹೆಸರು, ಕಳಿಸಿದ ನಂಬರು, ದಿನ, ಗಂಟೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಸೇರಿಸಿದೆ. ಅಭ್ಯರ್ಥಿಯ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಟೀಕಿಸಬಾರದು ಅಂತ ಚುನಾವಣಾ ನೀತಿ ಸಂಹಿತೆಯಲ್ಲೇ ಇದೆ. ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಹಾಕಿ ಚುನಾವಣಾಧಿಕಾರಿಗೆ ಒಂದು ಪ್ರತಿ, ಠಾಣೆಗೆ ಒಂದು ಪ್ರತಿ ಕೊಟ್ಟೆವು. ಎರಡೂ ಕಡೆ ಸೀಲ್ ಹಾಕಿಸಿಕೊಂಡು ಬಂದೆವು. ಆ ಸೀಲ್ ಇದ್ದ ಪ್ರತಿಯ ಫೋಟೊವನ್ನು ನನ್ನ ಮೈದುನ ಗುಂಪಿನ ಅಡ್ಮಿನ್‌ಗಳಿಗೆ ಒಬ್ಬೊಬ್ಬರಿಗೂ ಕಳಿಸಿದ. ಸಂಜೆಯೊಳಗೆ ಬಹಳ ಗುಂಪುಗಳಲ್ಲಿ ಅಡ್ಮಿನ್‌ಗಳೇ ಅಳಿಸಿದರು. 2024ರಲ್ಲಿ ಚುನಾವಣಾ ಆಯೋಗ ಮಹಿಳೆಯರ ಬಗ್ಗೆ ಆಡಿದ ಮಾತಿಗೆ ಎರಡು ಬೇರೆ ಬೇರೆ ಪಕ್ಷದ ನಾಯಕರಿಗೆ ಛೀಮಾರಿ ಹಾಕಿತ್ತು. ಅದರಲ್ಲಿ ಒಂದು ಇನ್‌ಸ್ಟಾಗ್ರಾಂ ಪೋಸ್ಟ್ ವಿಚಾರ. ಅಂದರೆ ಫೋನಿನಲ್ಲಿ ಬರೆದದ್ದಕ್ಕೂ ಲೆಕ್ಕ ಇದೆ. ಬರೆದು ಕೊಟ್ಟರೆ ಮಾತ್ರ. ಬಾಯಲ್ಲಿ ಹೇಳಿಕೊಂಡು ಅತ್ತರೆ ಯಾರ ಕಡತಕ್ಕೂ ಸೇರುವುದಿಲ್ಲ.

ಆ ಸಂಸ್ಥೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಕಾಮೆಂಟ್ ನೋಡುವ ಕೆಲಸ ಅವಳದ್ದು. ಫೋಟೊ ಬಂದ ಮರುದಿನ ತನ್ನ ಸ್ವಂತ ನಂಬರಿನಿಂದ ಫೋನ್ ಮಾಡಿದಳು. “ಅಕ್ಕ, ದಿನಾ ಓದಿ ಓದಿ ನನಗೇ ಅಳು ಬರತ್ತೆ. ಬೈಗುಳ ಇಲ್ವಲ್ಲ, ಬಿಡು ಅಂತಾರೆ. ನಾನೇನು ಮಾಡಲಿ ಹೇಳಿ.” ನಾನು ಅವಳಿಗೆ ನನ್ನ ಎರಡು ಕಾಲಂ ವಿಷಯ ಹೇಳಿದೆ. ಅವತ್ತಿನಿಂದ ಕೊನೆಯ ಐದು ದಿನ ಅವಳು ಪಟ್ಟಿ ನಂಬುವುದನ್ನು ಬಿಟ್ಟಳು. ಒಂದೊಂದನ್ನೂ ಕಣ್ಣಿನಿಂದ ಓದಿದಳು. ಮನೆ ಮಾತು ಡಿಲೀಟ್, ಮತ್ತೆ ಮತ್ತೆ ಬರೆದವನು ಬ್ಲಾಕ್. ಕೆಲಸದ ಮಾತನ್ನು ಎಷ್ಟೇ ಖಾರವಾಗಿದ್ದರೂ ಉಳಿಸಿ ನಮಗೆ ಕಳಿಸುತ್ತಿದ್ದಳು. “ನಿಮಗೆ ಪುರಸಭೆ ಬಜೆಟ್ ಬಗ್ಗೆ ಏನು ಗೊತ್ತು?” ಅಂತ ಒಬ್ಬರು ಕಟುವಾಗಿ ಕೇಳಿದ್ದರು. ಅದನ್ನು ಉಳಿಸಿದಳು. ಓರಗಿತ್ತಿ ರಾತ್ರಿ ಕೂತು ಅದಕ್ಕೆ ಉದ್ದ ಉತ್ತರ ಬರೆದಳು, ನೀರಿನ ಬಾಬ್ತಿನ ಲೆಕ್ಕದ ಸಮೇತ. ಕೇಳಿದವರು ವಾಪಸ್ ಇನ್ನೆರಡು ಪ್ರಶ್ನೆ ಹಾಕಿದರು. ಹದಿನೈದು ದಿನದಲ್ಲಿ ಅವಳು ಅಭ್ಯರ್ಥಿಯ ಹಾಗೆ ಮಾತಾಡಿದ್ದು ಅಲ್ಲೇ ಮೊದಲು.

ಆದ್ದರಿಂದ 5ಕ್ಕೆ 2. ಒಂದು ಆ ಡಿಸೈನ್ ಹುಡುಗನಿಗೆ, ಒಂದು ಈ ಹುಡುಗಿಗೆ. ನಿಮ್ಮ ಮನೆಯಿಂದ ಯಾರಾದರೂ ನಿಲ್ಲುವುದಾದರೆ, ಪ್ಯಾಕೇಜಿನವರ ಹತ್ತಿರ ಮೊದಲು ಹೆಂಗಸರ ಟೆಂಪ್ಲೇಟ್ ಫೋಲ್ಡರ್ ತೆಗೆದು ತೋರಿಸಿ ಅನ್ನಿ. ಕಾಮೆಂಟ್ ನೋಡುವುದು ಮನುಷ್ಯರೋ ಬರೀ ಪದಗಳ ಪಟ್ಟಿಯೋ ಕೇಳಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನು ಮಾಡುತ್ತೀರಿ ಅಂತ ಕೇಳಿ. ವಾಟ್ಸಾಪ್ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ. ಮುಖ್ಯವಾಗಿ, ಪುಟದ ಅಡ್ಮಿನ್ ಹಕ್ಕು ಮೊದಲ ದಿನದಿಂದಲೇ ನಿಮ್ಮ ಹೆಸರಿನಲ್ಲಿ ಇರಲಿ. ನಮಗೆ ಅದು ಕೈಗೆ ಬರುವಷ್ಟರಲ್ಲಿ ಚುನಾವಣೆ ಮುಗಿದು ಮೂರು ವಾರ ಆಗಿತ್ತು. ದಿನಾ ಫೋನ್ ಮಾಡಿ ಮಾಡಿ ಪಡೆದದ್ದು. ಕಾಸು ಜಾಸ್ತಿ ಇಲ್ಲದಿದ್ದರೆ ಪೋಸ್ಟರ್ ಕಡಿಮೆ ಮಾಡಿ, ಕಾಮೆಂಟ್ ಓದೋಕೆ ನಿಮ್ಮದೇ ಒಬ್ಬಳು ಹುಡುಗಿಯನ್ನು ಇಟ್ಟುಕೊಳ್ಳಿ. ಕಾಮೆಂಟು ಓದುವ ಆ ಕೆಲಸವನ್ನು ಅಭ್ಯರ್ಥಿಯ ಕೈಗೆ ಕೊಡಬೇಡಿ. ಅವಳು ಬೀದಿಯಲ್ಲಿ ಇರಲಿ.

ಅವಳು 27 ಮತದಿಂದ ಸೋತಳು. ವಿಧವಾ ವೇತನದ ಹೆಣ್ಣುಮಗಳ ಜೊತೆ ಎಣಿಕೆಯ ಮುಂದಿನ ಸೋಮವಾರವೇ ನಾಡಕಚೇರಿಗೆ ಹೋಗಿ ಬಂದಳು. ಅರ್ಜಿ ಈಗ ಮುಂದಕ್ಕೆ ಹೋಗಿದೆ.

ಪುಟ ನಮ್ಮ ಕೈಗೆ ಬಂದ ದಿನ ನಾನು ಗುಲಾಬಿ ಬಣ್ಣದ ಪೋಸ್ಟರ್ ತೆಗೆದು, ಆ ಪ್ಯಾನಲ್ ಬೋರ್ಡ್ ಫೋಟೊ ಹಾಕಿದೆ. ಟೆಸ್ಟರ್ ಹಿಡಿದದ್ದು, ಬೆವರಿದ್ದು, ಅದೇ. ಹೆಸರು ಬಿಟ್ಟು ಬೇರೇನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮೊದಲ ಕಾಮೆಂಟ್ ಬಂತು. “ಅಕ್ಕ, ನಾಳೆ ನಮ್ಮ ಬೀದಿಗೆ ನೀರು ಎಷ್ಟೊತ್ತಿಗೆ?” ಅವಳು ಹೊಲಿಗೆ ಮಿಷನ್ ನಿಲ್ಲಿಸಿ, ಫೋನ್ ತೆಗೆದುಕೊಂಡು ಉತ್ತರ ಬರೆದಳು. “ಮೂರಕ್ಕೆ ಬಿಡ್ತಾರೆ. ನಾನು ವಾಲ್ವ್ ಹತ್ರ ಇರ್ತೀನಿ.”